ಸಿಐಡಿಯ ದಯಾ ಒಡೆಯುವ ಬಾಗಿಲು: ಸೆಟ್ಟಿನಲ್ಲಿ ಅದನ್ನು ಮಾಡುವ ಕ್ರಮ ಹೇಗೆ?

ಕುಂಬಳೆ ಕೋಟೆ (ಪ್ರಶ್ನೆ):
ಇಲ್ಲಿಯ ಕಲಾಸಂಘದ ಹುಡುಗರು 15 ನಿಮಿಷದ ಪತ್ತೇದಾರಿ ಕಿರುಚಿತ್ರ ಮಾಡ್ತಿದ್ದಾರೆ. ಟಿವಿಯ ಸಿಐಡಿ ಧಾರಾವಾಹಿಯಲ್ಲಿ ಇನ್‌ಸ್ಪೆಕ್ಟರ್ ದಯಾ ಭುಜ ಕೊಟ್ಟು ಬಾಗಿಲು ಒಡೆಯುವಂಥ ಒಂದು ದೃಶ್ಯ ಬೇಕಂತೆ. ಸಿಕ್ಕಿರುವುದು ಹಳೆಯ ಹೆಂಚಿನ ಮನೆ, ಹಲಸಿನ ಮರದ ಬಾಗಿಲು. ಅದಕ್ಕೆ ಒಂದು ಗೀರೂ ಬೀಳಬಾರದೆಂದು ಮನೆಯವರ ಷರತ್ತು. ಕಿಟಕಿಯ ಗಾಜು ಒಡೆಯಬೇಕು, ರಕ್ತವೂ ಬೇಕು. ಇನ್ನೊಂದು: ಸಿಐಡಿಯ ಒಂದು ಕಂತನ್ನು ಎಲ್ಲೂ ಕಟ್ ಮಾಡದೆ ತೆಗೆದದ್ದು ಹೌದಾ?

ಉಪ್ಪಳದ ಬಡಗಿ:
ಹಲಸಿನ ಬಾಗಿಲನ್ನು ಮುಟ್ಟಲೇಬೇಡಿ ಮಾರಾಯ್ರೆ. ಅದು ಮುರಿಯುವುದಿಲ್ಲ, ಮುರಿಯುವುದು ಭುಜ. ಕೆಲಸವನ್ನು ಎರಡು ಶಾಟಿಗೆ ಹಂಚಿ. ಹೊರಗಿನಿಂದ ನಟ ಓಡಿ ಬಂದು ಅಸಲಿ ಬಾಗಿಲಿಗೆ ಭುಜ ತಾಗಿಸುವಷ್ಟರಲ್ಲಿ ಕಟ್. ಮರುಕ್ಷಣ ಒಳಗಿನಿಂದ ನೋಡುವಾಗ ಸಿಡಿದು ತೆರೆಯುವುದು ನೀವು ಮಾಡಿದ ಸುಳ್ಳು ಬಾಗಿಲು. ಅದನ್ನು ಬೇರೆ ಕೋಣೆಯಲ್ಲೇ ನಿಲ್ಲಿಸಬಹುದು, ಬಣ್ಣ ಮತ್ತು ಹಿಂದಿನಿಂದ ಬರುವ ಬೆಳಕು ಹೊಂದಿದರೆ ಸಾಕು.

ಸುಳ್ಳು ಬಾಗಿಲಿಗೆ 2x1 ಇಂಚಿನ ರೀಪಿನ ಚೌಕಟ್ಟು, ಎರಡೂ ಬದಿ 4 ಮಿಮೀ ಪ್ಲೈವುಡ್. ಒಡೆಯಬೇಕಾದ್ದು ಬಾಗಿಲಲ್ಲ, ಚಿಲಕ ಕೂರುವ ದಾರಂದ. ದಾರಂದದ ಆ ಜಾಗದಲ್ಲಿ ಒಂದಡಿ ಉದ್ದದ ತುಂಡು ಕತ್ತರಿಸಿ ತೆಗೆದು, ಅದೇ ಅಳತೆಗೆ ಬೂರುಗದ ಅಥವಾ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಪಟ್ಟಿ ಕೂರಿಸಿ. ಪಟ್ಟಿಯ ಹಿಂಬದಿಯಿಂದ, ಅಂದರೆ ಕ್ಯಾಮೆರಾಕ್ಕೆ ಕಾಣದ ಕಡೆಯಿಂದ, ಮೂರರಲ್ಲಿ ಎರಡು ಪಾಲು ಆಳಕ್ಕೆ ಎರಡು ಮೂರು ಗರಗಸದ ಗೀರು ಹಾಕಿ. ಮುಂಬದಿಗೆ ಪುಟ್ಟಿ, ಬಣ್ಣ. ಚಿಲಕದ ಕೊಂಡಿಗೆ ಅರ್ಧ ಇಂಚಿನ ಸ್ಕ್ರೂ ಎರಡೇ ಇರಲಿ. ಮೂರು ಟೇಕ್ ಬೇಕಾದರೆ ನಾಲ್ಕು ಪಟ್ಟಿ ತಯಾರಿರಲಿ, ಬಾಗಿಲು ಒಂದೇ ಸಾಕು.

ಹೆಚ್ಚಿನವರು ತಪ್ಪುವುದು ಬಿಜಾಗರಿಯಲ್ಲಿ. ಸುಲಭವಾಗಿ ಬರಲಿ ಎಂದು ಅದನ್ನೂ ಸಡಿಲ ಬಿಡ್ತಾರೆ, ಆಗ ಇಡೀ ಹಲಗೆ ಒಳಗಿದ್ದವರ ಮೇಲೆ ಬೀಳ್ತದೆ. ಮೂರು ಬಿಜಾಗರಿಗೂ ಪೂರ್ತಿ ಉದ್ದದ ಸ್ಕ್ರೂ ಹಾಕಿ. ಬಾಗಿಲು ಗೋಡೆಗೆ ಬಡಿದು ಹಿಂದೆ ಚಿಮ್ಮಿ ಎರಡನೆಯವನ ಮುಖಕ್ಕೆ ಹೊಡೆಯುವುದೂ ಉಂಟು, ಅದಕ್ಕೆ ಗೋಡೆಯ ಬದಿಗೆ ಮರಳಿನ ಚೀಲ ಇಡಿ. ಏಟು ಬಾಗಿಲ ನಡುವಿಗಲ್ಲ, ಚಿಲಕದ ಪಕ್ಕಕ್ಕೆ.

ಶಬ್ದ ಬೇರೆಯೇ ರೆಕಾರ್ಡ್ ಮಾಡಬೇಕು, ಪ್ಲೈವುಡ್ಡಿನದ್ದು ಡಬ್ಬ ಬಡಿದ ಹಾಗೆ ಬರ್ತದೆ. ಚೆನ್ನಾಗಿ ಒಣಗಿದ ಅಡಿಕೆ ಮರದ ಸೀಳನ್ನು ಮೈಕಿನಿಂದ ಒಂದಡಿ ದೂರದಲ್ಲಿ ಮುರಿದು, ಅದರ ಮೇಲೆ ಭಾರದ ಬಾಗಿಲು ಬಡಿಯುವ ಸದ್ದು ಸೇರಿಸಿ. ಅರ್ಧ ದೃಶ್ಯ ಕಿವಿಯಲ್ಲೇ ಆಗ್ತದೆ.

ಬದಿಯಡ್ಕ ಬಣ್ಣ:
ಗಾಜಿಗೆ ಸಕ್ಕರೆ ಪಾಕ. ಸಕ್ಕರೆ ಮೂರೂವರೆ ಕಪ್, ನೀರು ಎರಡು, ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ ಒಂದು. ಸಕ್ಕರೆ ಕರಗಿದ ಮೇಲೆ ಸೌಟು ಹಾಕಲೇಬೇಡಿ, ಕಲಕಿದರೆ ಹರಳುಗಟ್ಟಿ ಗಾಜು ಮಬ್ಬಾಗ್ತದೆ. ಥರ್ಮಾಮೀಟರ್ 149 ಡಿಗ್ರಿ ಸೆಲ್ಸಿಯಸ್ ತೋರಿಸಿದಾಗ ಇಳಿಸಿ. ಅದಕ್ಕಿಂತ ಮೊದಲೇ ಇಳಿಸಿದರೆ ಒಡೆಯುವ ಬದಲು ಬಾಗ್ತದೆ, 160 ದಾಟಿದರೆ ಹಳದಿ. ಎಣ್ಣೆ ಸವರಿದ ತಟ್ಟೆಗೆ 3–4 ಮಿಮೀ ದಪ್ಪಕ್ಕೆ ಹೊಯ್ಯಿರಿ. ಪಾಕ ಚರ್ಮಕ್ಕೆ ಅಂಟಿಕೊಂಡು ಸುಡ್ತದೆ, ಮಕ್ಕಳು ಹತ್ತಿರ ಬೇಡ.

ನಮ್ಮ ಕರಾವಳಿಯ ಹವೆಯೇ ಇದರ ಶತ್ರು. ಸಕ್ಕರೆ ತೇವ ಹೀರಿ ಕೆಲವೇ ತಾಸಿನಲ್ಲಿ ಅಂಟಂಟಾಗ್ತದೆ. ಮಳೆಗಾಲದಲ್ಲಂತೂ ಬೇಡವೇ ಬೇಡ. ಬೆಳಿಗ್ಗೆ ಮಾಡಿದ್ದನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟು ಅದೇ ದಿನ ಬಳಸಿ. ಫ್ರಿಜ್ಜಿನಲ್ಲಿಟ್ಟರೆ ಹೊರಗೆ ತೆಗೆದ ಕೂಡಲೇ ಬೆವರ್ತದೆ. ಒಡೆದ ಅಂಚು ಚೂಪಾಗಿಯೇ ಇರ್ತದೆ, ಕಣ್ಣಿನ ಮಟ್ಟದಲ್ಲಿ ಒಡೆಯಬೇಡಿ.

ರಕ್ತಕ್ಕೆ ಅದೇ ಗ್ಲೂಕೋಸ್ ಅರ್ಧ ಕಿಲೋ, ನೀರು 150 ಮಿಲೀ, ತಿನ್ನುವ ಕೆಂಪು ಬಣ್ಣ, ಒಂದು ಚಮಚ ಕೋಕೋ ಪುಡಿ, ಎರಡೇ ಹನಿ ನೀಲಿ. ಕೋಕೋ ಇಲ್ಲದಿದ್ದರೆ ಎಲ್ಇಡಿ ಬೆಳಕಿಗೆ ಗುಲಾಬಿ ಶರಬತ್ತಿನ ಹಾಗೆ ಕಾಣ್ತದೆ. ಇರುವೆ ಬರ್ತದೆ, ಆದ್ದರಿಂದ ಶಾಟ್ ಮುಗಿದ ತಕ್ಷಣ ಒರೆಸಿ. ಕೊಲೆ ರಾತ್ರಿ ಆಗಿ ಪೊಲೀಸರು ಬೆಳಿಗ್ಗೆ ಬರುವುದಾದರೆ ಕಡುಗಂದು ಬಣ್ಣ ಬೇಕು. ಧಾರಾವಾಹಿಗಳಲ್ಲಿ ಮರುದಿನವೂ ಕೆಂಪು ರಕ್ತ ಹೊಳೆಯುವುದು ದೊಡ್ಡ ತಪ್ಪು.

ಕುಂಬಳೆ ಕೋಟೆ:
ಭೂತಕೋಲದಲ್ಲಿ ಮಾಡುವ ಕುರ್ದಿ ನೀರೇ ಆಗುವುದಿಲ್ಲವಾ? ಅರಿಶಿನ ಮತ್ತು ಸುಣ್ಣ ಮನೆಯಲ್ಲೇ ಉಂಟು.

ಬದಿಯಡ್ಕ ಬಣ್ಣ:
ದೂರದಿಂದ ನೋಡುವ ಅಂಗಳದಲ್ಲಿ ಅದು ಚೆಂದ, ಕ್ಯಾಮೆರಾದ ಹತ್ತಿರಕ್ಕೆ ಆಗುವುದಿಲ್ಲ. ಸುಣ್ಣದ ಕ್ಷಾರಕ್ಕೆ ಅರಿಶಿನ ಕೆಂಪಾಗುವುದು. ಹುಳಿ ತಾಗಿದರೆ ತಿರುಗಿ ಹಳದಿಯಾಗ್ತದೆ. ಮೈಯ ಬೆವರಿಗೂ ಹಾಗೆಯೇ, ಒಂದು ಶಾಟಿನ ಕೆಂಪು ಮುಂದಿನ ಶಾಟಿನಲ್ಲಿ ಇರುವುದಿಲ್ಲ. ಸುಣ್ಣ ಕಣ್ಣಿಗೆ, ಬಾಯಿಗೆ ಅಪಾಯ ಕೂಡ.

ತಲಪಾಡಿ ಗೇಟ್:
ಒಂದೇ ಶಾಟಿನ ಕಂತು ಹೌದು. 2004ರಲ್ಲಿ ಬಿ.ಪಿ. ಸಿಂಗ್ ನಿರ್ದೇಶನದಲ್ಲಿ 111 ನಿಮಿಷ, ನಡುವೆ ಕಟ್ ಇಲ್ಲ. ಗಿನ್ನೆಸ್ ದಾಖಲೆಗೂ ಸೇರಿತು. ಅದರ ಕಷ್ಟ ಅಳತೆಯಲ್ಲಿ ಗೊತ್ತಾಗ್ತದೆ: 35 ಮಿಮೀ ಫಿಲ್ಮಿನ 1000 ಅಡಿ ರೀಲು ಓಡುವುದು ಸುಮಾರು 11 ನಿಮಿಷ. ಟಿವಿಯವರು ಬಳಸ್ತಿದ್ದ ಡಿಜಿಟಲ್ ಬೀಟಾಕ್ಯಾಮ್ ಟೇಪಿನಲ್ಲೂ ಕ್ಯಾಮೆರಾದೊಳಗೆ ಕೂರುವ ಚಿಕ್ಕ ಕ್ಯಾಸೆಟ್ಟು 40 ನಿಮಿಷ, ದೊಡ್ಡದು 124. ನೂರನೇ ನಿಮಿಷದಲ್ಲಿ ಒಬ್ಬ ಮಾತು ಮರೆತರೆ ಮೊದಲಿನಿಂದ ಶುರು. ನೀವು ಪ್ರಯತ್ನಿಸುವುದಾದರೆ ಕ್ಯಾಮೆರಾ ನೋಡಿಕೊಳ್ಳಿ, ಹಲವು ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಲ್ತವೆ.

ಬಂದೂಕು ಇದ್ದರೆ ಗುಂಡು ಹಾರದ ಆಟಿಕೆಯೇ ಇರಲಿ, ಹೊಗೆ-ಬೆಂಕಿ ಎಡಿಟಿಂಗಿನಲ್ಲಿ ಸೇರಿಸಿ. 2021ರ ಅಕ್ಟೋಬರಿನಲ್ಲಿ ಅಮೆರಿಕದ ಒಂದು ಸಿನಿಮಾ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಗುಂಡಿಗೆ ಬಲಿಯಾದ ಬೆನ್ನಿಗೇ ಅಲ್ಲಿಯ ಪೊಲೀಸ್ ಧಾರಾವಾಹಿ ‘ದಿ ರೂಕಿ’ ಏರ್‌ಸಾಫ್ಟ್ (ಪ್ಲಾಸ್ಟಿಕ್ ಗುಂಡಿನ ಆಟಿಕೆ) ಬಂದೂಕು ಮತ್ತು ಕಂಪ್ಯೂಟರ್ ಬೆಂಕಿಗೆ ಬದಲಾಯಿತು. ರಸ್ತೆಯಲ್ಲಿ ಚಿತ್ರೀಕರಿಸುವ ಮೊದಲು ಠಾಣೆಗೆ ಬರೆದು ತಿಳಿಸಿ.

ಕತೆ ನಮ್ಮ ಕಾಸರಗೋಡು ಜಿಲ್ಲೆಯದ್ದಾದರೆ ಇಷ್ಟು ಸರಿಮಾಡಿ: ವಾಹನಕ್ಕೆ ಕೆಎಲ್ 14, ಮಂಗಳೂರಿನಿಂದ ಬಂದ ಕಾರಿಗೆ ಕೆಎ 19. ಕೇರಳದಲ್ಲಿ 2018ರಿಂದ ಠಾಣೆಯ ಮುಖ್ಯಸ್ಥ ಇನ್‌ಸ್ಪೆಕ್ಟರ್, ಎಸ್‌ಐ ಅಲ್ಲ. ಕಾನ್‌ಸ್ಟೇಬಲನ್ನು ಸಿವಿಲ್ ಪೊಲೀಸ್ ಆಫೀಸರ್ ಅನ್ನಬೇಕು. ಕೊಲೆಗೆ ‘302’ ಎಂಬ ಡೈಲಾಗ್ ಬರೆದಿದ್ದರೆ ಕತೆಯ ತಾರೀಕು ನೋಡಿ. 2024ರ ಜುಲೈ 1ರಿಂದ ಆದ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ, ಅದಕ್ಕೂ ಹಿಂದಿನದ್ದಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 302 ಸರಿಯೇ.