ಹೈಬ್ರಿಡ್ ಆಂಪ್ಲಿಫೈಯರ್: ಹಾಡೇ ಇಲ್ಲದಾಗಲೂ ಇಷ್ಟು ಬಿಸಿ, ಇಷ್ಟು ರಿಪಲ್ ಏಕೆ?

ಪ್ರಶ್ನೆ

ಕ್ಲಾಸ್ ಎಬಿ ಲೀನಿಯರ್ ಹಂತದ ಔಟ್‌ಪುಟ್ಟಿಗೆ ಟ್ರಾನ್ಸಿಸ್ಟರುಗಳನ್ನು ವೇಗವಾಗಿ ಆನ್-ಆಫ್ ಮಾಡುವ ಕ್ಲಾಸ್ ಡಿ ಸ್ವಿಚಿಂಗ್ ಹಂತವನ್ನು ಇಂಡಕ್ಟರ್ ಮೂಲಕ ಸೇರಿಸಿ ಒಂದು ಹೈಬ್ರಿಡ್ ಆಂಪ್ಲಿಫೈಯರ್ ಕಟ್ಟುತ್ತಿದ್ದೇನೆ. ಸ್ಪೀಕರಿಗೆ ಬೇಕಾದ ಕರೆಂಟಿನ ಬಹುಪಾಲು ಸ್ವಿಚಿಂಗ್ ಕಡೆಯಿಂದ ಬರಬೇಕು, ಹೆಚ್ಚುಕಡಿಮೆಯನ್ನು ಲೀನಿಯರ್ ಹಂತ ತಿದ್ದಬೇಕು ಅನ್ನುವುದು ಲೆಕ್ಕ. ಸಪ್ಲೈ ±35 ವೋಲ್ಟ್, ಸ್ವಿಚಿಂಗ್ 400 ಕಿಲೋಹರ್ಟ್ಸ್, ಇಂಡಕ್ಟರ್ 22 ಮೈಕ್ರೋಹೆನ್ರಿ. ಹಾಡು ಹಾಕದೆ ಸುಮ್ಮನೆ ಇಟ್ಟರೂ ಲೀನಿಯರ್ ಕಡೆಯ ಹೀಟ್ ಸಿಂಕ್ ಕೈ ಇಡಲಾಗದಷ್ಟು ಕಾಯುತ್ತದೆ. ಸ್ಕೋಪಿನಲ್ಲಿ ನೋಡಿದರೆ ಔಟ್‌ಪುಟ್ಟಿನ ಮೇಲೆ ಕೆಲವು ವೋಲ್ಟಿನಷ್ಟು ರಿಪಲ್ (ಸ್ವಿಚಿಂಗ್ ವೇಗದಲ್ಲಿ ಏರಿಳಿಯುವ ಅಲೆ) ಕೂತಿದೆ. ಇನ್ನೂ ದೊಡ್ಡ ಹೀಟ್ ಸಿಂಕ್ ಹಾಕಲೇ? ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ

ಹೀಟ್ ಸಿಂಕ್ ವಿಚಾರ ಕೊನೆಗಿರಲಿ ಸರ್. ನೀವು ಎರಡು ತೊಂದರೆ ಬರೆದಿದ್ದೀರಿ, ಇರುವುದು ಒಂದೇ. ಇಂಡಕ್ಟರಿನಿಂದ ಬಂದ ರಿಪಲ್ ಕರೆಂಟ್ ಎಲ್ಲಾದರೂ ಹೋಗಲೇಬೇಕು. ಸ್ಪೀಕರಿಗಿಂತ ಲೀನಿಯರ್ ಹಂತದ ಇಂಪೀಡೆನ್ಸ್ ಕಡಿಮೆ, ಹಾಗಾಗಿ ಅದು ಅಲ್ಲಿಗೇ ನುಗ್ಗುತ್ತದೆ.

ಒಮ್ಮೆ ಲೆಕ್ಕ ಹಾಕಿ ನೋಡಿ. ಸಿಗ್ನಲ್ ಇಲ್ಲದಾಗ ಡ್ಯೂಟಿ, ಅಂದರೆ ಪ್ರತಿ ಆವರ್ತದಲ್ಲಿ ಮೇಲಿನ ಸ್ವಿಚ್ ಆನ್ ಇರುವ ಪಾಲು, 50%. ಒಟ್ಟು ಸಪ್ಲೈ 70 ವೋಲ್ಟ್. ಅದನ್ನು ಇಂಡಕ್ಟೆನ್ಸ್, ಫ್ರೀಕ್ವೆನ್ಸಿ, 4 ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ತುದಿಯಿಂದ ತುದಿಗೆ ಸುಮಾರು 2 ಆಂಪಿಯರ್ ತ್ರಿಕೋನ ರಿಪಲ್ ಬರುತ್ತದೆ. ಅಂದರೆ ಮೇಲಕ್ಕೆ 1, ಕೆಳಕ್ಕೆ 1 ಆಂಪಿಯರ್. ಚಿಹ್ನೆ ಬಿಟ್ಟು ಸರಾಸರಿ ನೋಡಿದರೆ ಅರ್ಧ ಆಂಪಿಯರ್. ಔಟ್‌ಪುಟ್ ಸೊನ್ನೆಯಲ್ಲಿರುವಾಗ ಎರಡೂ ಟ್ರಾನ್ಸಿಸ್ಟರುಗಳ ಮೇಲೆ 35 ವೋಲ್ಟ್ ನಿಂತಿರುತ್ತದೆ. ಅರ್ಧ ಆಂಪಿಯರ್ ಗುಣಿಸು 35, ಹದಿನೇಳೂವರೆ ವ್ಯಾಟ್! ಬಯಾಸ್ ಕರೆಂಟಿನ (ಸಿಗ್ನಲ್ ಇಲ್ಲದಾಗಲೂ ಟ್ರಾನ್ಸಿಸ್ಟರುಗಳಲ್ಲಿ ಹರಿಯಬಿಡುವ ಸಣ್ಣ ಕರೆಂಟ್) ಬಿಸಿ ಇದರ ಮೇಲೆ ಬೇರೆ. ಒಂದು ಸ್ವರವೂ ನುಡಿಯದೆ ಇಷ್ಟು ಶಕ್ತಿ ಬರೀ ರಿಪಲ್ ನುಂಗುವುದಕ್ಕೇ ಹೋಗುತ್ತಿದೆ. ದೊಡ್ಡ ಹೀಟ್ ಸಿಂಕ್ ಹಾಕಿದರೆ ಆ ಹದಿನೇಳೂವರೆ ವ್ಯಾಟ್ ಹಾಗೇ ಉಳಿಯುತ್ತದೆ, ರಿಪಲ್ಲೂ ಹಾಗೇ ಉಳಿಯುತ್ತದೆ.

ಫೀಡ್‌ಬ್ಯಾಕ್ ಅದನ್ನು ಒತ್ತಿಹಾಕುತ್ತದೆ ಅಂತಲೂ ನಂಬಬೇಡಿ. ಸಾಮಾನ್ಯ ಆಡಿಯೋ ಆಂಪ್ಲಿಫೈಯರಿನ ಲೂಪ್ ಗೇನ್, ಅಂದರೆ ಫೀಡ್‌ಬ್ಯಾಕಿಗೆ ತಪ್ಪು ತಿದ್ದುವ ಶಕ್ತಿ, 400 ಕಿಲೋಹರ್ಟ್ಸ್ ಹೊತ್ತಿಗೆ ಹೆಚ್ಚೂಕಡಿಮೆ ಮುಗಿದೇ ಹೋಗಿರುತ್ತದೆ. ರಿಪಲ್ ಲೀನಿಯರ್ ಹಂತದ ಬಾಗಿಲಿಗೆ ಬರುವ ಮೊದಲೇ ಸಣ್ಣದಾಗಬೇಕು. ಇಂಡಕ್ಟರನ್ನು 47 ಮೈಕ್ರೋಹೆನ್ರಿ ಮಾಡಿದರೆ ಅದೇ ಲೆಕ್ಕದಲ್ಲಿ ನಷ್ಟ 8 ವ್ಯಾಟಿಗೆ ಇಳಿಯುತ್ತದೆ.

ಉತ್ತರ

ಮೇಲಿನವರು ಹೇಳಿದ್ದು ಸರಿ. ಆದರೆ ಕೆಲವು ವೋಲ್ಟ್ ರಿಪಲ್ ಅಂದಿರಲ್ಲ, ಅಷ್ಟು ಎಲ್ಲಿಂದ ಬಂತು ಅಂತ ನನಗೆ ಗುಮಾನಿ ಇದೆ. ಲೀನಿಯರ್ ಹಂತದ ಔಟ್‌ಪುಟ್ಟಿಗೆ ಸರಣಿಯಲ್ಲಿ ಸಣ್ಣ ಏರ್ ಕೋರ್ ಕಾಯಿಲ್ ಹಾಕಿದ್ದೀರಾ? ಉದ್ದ ಕೇಬಲ್ಲಿನ ಕೆಪಾಸಿಟೆನ್ಸಿನಿಂದ ಆಂಪ್ಲಿಫೈಯರ್ ಆಸಿಲೇಟ್ ಆಗದಿರಲಿ ಎಂದು ಹಾಕುವ ಒಂದೆರಡು ಮೈಕ್ರೋಹೆನ್ರಿಯದು. ಸ್ವಿಚಿಂಗ್ ಇಂಡಕ್ಟರ್ ಆ ಕಾಯಿಲ್ಲಿನ ಆಚೆ, ಸ್ಪೀಕರ್ ಕಡೆಗೆ ಬಂದು ಸೇರಿದ್ದರೆ ರಿಪಲ್ ಕರೆಂಟ್ ಕಾಯಿಲ್ ದಾಟಿಯೇ ಟ್ರಾನ್ಸಿಸ್ಟರಿಗೆ ಹೋಗಬೇಕು. 1.25 ಮೈಕ್ರೋಸೆಕೆಂಡಿನಲ್ಲಿ 2 ಆಂಪಿಯರ್ ಬದಲಾದರೆ 2 ಮೈಕ್ರೋಹೆನ್ರಿಯ ಮೇಲೆ 3.2 ವೋಲ್ಟ್ ಚೌಕ ತರಂಗ ಏಳುತ್ತದೆ. ಸ್ಕೋಪಿನಲ್ಲಿ ರಿಪಲ್ ತ್ರಿಕೋನದ ಬದಲು ಚೌಕವಾಗಿ ಕಂಡರೆ ಇದೇ ಕಾರಣ ಅನ್ನಿ.

ಎರಡು ಹಂತಗಳನ್ನೂ ಕಾಯಿಲ್ಲಿನ ಈಚೆಗೇ, ಎಮಿಟರ್ ರೆಸಿಸ್ಟರುಗಳು ಕೂಡುವ ಜಾಗದಲ್ಲೇ ಸೇರಿಸಿ. ಕಾಯಿಲ್ ಆಮೇಲೆ ಬರಲಿ. ಝೋಬೆಲ್ (ಔಟ್‌ಪುಟ್ಟಿನಿಂದ ಗ್ರೌಂಡಿಗೆ ಹಾಕುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ರೆಸಿಸ್ಟರನ್ನೂ ಒಮ್ಮೆ ನೋಡಿ: 10 ಓಮ್, 100 ನ್ಯಾನೋಫ್ಯಾರಡ್ ಜೋಡಿಯ ಮೇಲೆ ಅಷ್ಟು ರಿಪಲ್ ಇದ್ದರೆ ರೆಸಿಸ್ಟರಿನಲ್ಲಿ ಮುಕ್ಕಾಲು ವ್ಯಾಟಿಗೂ ಹೆಚ್ಚು ಸುಡುತ್ತದೆ. ಕಾಲು ವ್ಯಾಟಿನದು ಹಾಕಿದ್ದರೆ ಮೈ ಕಪ್ಪಾಗಿರುತ್ತದೆ.

ಮತ್ತೆ ಕೇಳಿದವರು

ಕಾಯಿಲ್ ನೀವು ಹೇಳಿದ ಜಾಗದಲ್ಲೇ ಇತ್ತು! ಸ್ಥಳ ಬದಲಿಸಿದೆ, ರಿಪಲ್ ತುಂಬಾ ಇಳಿಯಿತು. ಬಿಸಿ ಮಾತ್ರ ಹಾಗೇ ಇದೆ. 47 ಮೈಕ್ರೋಹೆನ್ರಿ ಹಾಕಿದರೆ ಹೈ ಫ್ರೀಕ್ವೆನ್ಸಿಯಲ್ಲಿ ಸ್ವಿಚಿಂಗ್ ಹಂತ ಹಿಂದೆ ಬೀಳುವುದಿಲ್ಲವೇ?

ಉತ್ತರ

ಸ್ವಲ್ಪ ಬೀಳುತ್ತದೆ. 35 ವೋಲ್ಟಿಗೆ 47 ಮೈಕ್ರೋಹೆನ್ರಿಯಲ್ಲಿ ಕರೆಂಟ್ ಮೈಕ್ರೋಸೆಕೆಂಡಿಗೆ ಮುಕ್ಕಾಲು ಆಂಪಿಯರ್ ಏರಬಲ್ಲದು. 20 ಕಿಲೋಹರ್ಟ್ಸಿನಲ್ಲಿ 8 ಆಂಪಿಯರ್ ಪೀಕ್ ಬೇಕಾದರೆ ಮೈಕ್ರೋಸೆಕೆಂಡಿಗೆ 1 ಆಂಪಿಯರ್ ಏರಬೇಕು. ಕೊರತೆಯನ್ನು ಲೀನಿಯರ್ ಹಂತ ತುಂಬುತ್ತದೆ. ಸಂಗೀತದಲ್ಲಿ ಅಷ್ಟು ಮೇಲಿನ ಫ್ರೀಕ್ವೆನ್ಸಿಗೆ ಪೂರ್ಣ ಪವರ್ ಬರುವುದು ಅಪರೂಪ, ಹಾಗಾಗಿ ಇದು ದೊಡ್ಡ ನಷ್ಟವಲ್ಲ.

ಆದರೂ ನನಗೆ ಬರೀ ಇಂಡಕ್ಟರ್ ದೊಡ್ಡದು ಮಾಡುವುದು ಇಷ್ಟವಿಲ್ಲ. ಕಾರಣ ಮಾಸ್‌ಫೆಟ್ಟುಗಳ ಕಡೆ ಇದೆ. ಡೆಡ್ ಟೈಮಿನಲ್ಲಿ (ಸ್ವಿಚಿಂಗ್ ಹಂತದ ಎರಡೂ ಮಾಸ್‌ಫೆಟ್ ಆಫ್ ಇರುವ ಕ್ಷಣ) ಆ ರಿಪಲ್ ಕರೆಂಟೇ ಸ್ವಿಚ್ ನೋಡಿನ (ಎರಡು ಮಾಸ್‌ಫೆಟ್ ಇಂಡಕ್ಟರಿಗೆ ಸೇರುವ ಬಿಂದು) ಕೆಪಾಸಿಟೆನ್ಸನ್ನು ಒಂದು ಸಪ್ಲೈ ರೈಲಿನಿಂದ ಇನ್ನೊಂದಕ್ಕೆ ಎಳೆದೊಯ್ಯುತ್ತದೆ, ಮಾಸ್‌ಫೆಟ್ ಹೆಚ್ಚು ನಷ್ಟವಿಲ್ಲದೆ ಆನ್ ಆಗುತ್ತದೆ. ರಿಪಲ್ ತೀರಾ ಸಣ್ಣದಾದರೆ ಆ ಸಹಾಯ ತಪ್ಪಿ ಬಿಸಿ ಲೀನಿಯರಿನಿಂದ ಸ್ವಿಚಿಂಗ್ ಕಡೆಗೆ ವಲಸೆ ಹೋಗುತ್ತದೆ.

ನನಗೆ ಚೆನ್ನಾಗಿ ಒದಗಿದ ದಾರಿ ಎರಡು ಫೇಸ್. ಎರಡು ಹಾಫ್ ಬ್ರಿಡ್ಜ್ (ಮೇಲೊಂದು ಕೆಳಗೊಂದು ಮಾಸ್‌ಫೆಟ್ ಇರುವ ಜೋಡಿ), ಪ್ರತಿಯೊಂದಕ್ಕೂ 22 ಮೈಕ್ರೋಹೆನ್ರಿ, ಒಂದೇ ಕ್ಲಾಕಿನಿಂದ 180 ಡಿಗ್ರಿ ಅಂತರದಲ್ಲಿ ಓಡಿಸಿ. ಒಂದರ ಕರೆಂಟ್ ಏರುವಾಗ ಇನ್ನೊಂದರದು ಇಳಿಯುತ್ತದೆ, 50% ಡ್ಯೂಟಿಯಲ್ಲಿ ಮೊತ್ತದ ರಿಪಲ್ ಅಳಿಸಿಹೋಗುತ್ತದೆ. ನಿಮಗೆ ಹೆಚ್ಚು ನೋವು ಕೊಡುತ್ತಿರುವುದು ಅದೇ ಸ್ಥಿತಿ! ಡ್ಯೂಟಿ 25 ಅಥವಾ 75%ಗೆ ಹೋದಾಗ ರಿಪಲ್ ಹೆಚ್ಚೆಂದರೆ 1 ಆಂಪಿಯರ್, ಅದೂ 800 ಕಿಲೋಹರ್ಟ್ಸಿನಲ್ಲಿ. ಪ್ರತಿ ಇಂಡಕ್ಟರಿನೊಳಗೆ ರಿಪಲ್ ಹಾಗೇ ಇರುವುದರಿಂದ ಮಾಸ್‌ಫೆಟ್ಟುಗಳಿಗೆ ಆ ಸಹಾಯವೂ ತಪ್ಪುವುದಿಲ್ಲ. ಏರುವ ವೇಗವೋ, ಒಂಟಿ 22 ಮೈಕ್ರೋಹೆನ್ರಿಯ ಎರಡರಷ್ಟು. ಎರಡು ಇಂಡಕ್ಟರುಗಳ ಇಂಡಕ್ಟೆನ್ಸ್ ಒಂದಕ್ಕೊಂದು ಹೊಂದಿರಬೇಕು. ವ್ಯತ್ಯಾಸ ಇದ್ದಷ್ಟು ರಿಪಲ್ ಉಳಿಯುತ್ತದೆ. ಹಿಸ್ಟೆರಿಸಿಸ್ ಕಂಟ್ರೋಲ್ (ಕ್ಲಾಕ್ ಇಲ್ಲದೆ, ಮಿತಿ ಮುಟ್ಟಿದಾಗ ಸ್ವಿಚ್ ಬದಲಾಯಿಸುವ ವಿಧಾನ) ಬಳಸುತ್ತಿದ್ದರೆ ಮಾತ್ರ ಇದು ಕಷ್ಟ, ಅಲ್ಲಿ ಫ್ರೀಕ್ವೆನ್ಸಿ ಸಿಗ್ನಲ್ ಜೊತೆ ಅಲೆಯುತ್ತದೆ. ಕ್ಲಾಕಿಗೆ ಬದಲಾಯಿಸಿಕೊಳ್ಳಿ.

ಕೋರಿನ ಬಗ್ಗೆ ಒಂದು ಮಾತು. ಕಂಪ್ಯೂಟರ್ ಪವರ್ ಸಪ್ಲೈಗಳಲ್ಲಿ ಸಿಗುವ ಹಳದಿ-ಬಿಳಿ ಪುಡಿ ಕಬ್ಬಿಣದ ರಿಂಗ್ ಈ ಫ್ರೀಕ್ವೆನ್ಸಿಗಲ್ಲ. ಕರೆಂಟ್ ಕಡಿಮೆ ಇದ್ದರೂ ರಿಪಲ್ಲಿಗೇ ಕಾದು ಹೋಗುತ್ತದೆ. ಗ್ಯಾಪ್ ಇರುವ ಫೆರೈಟ್ ಒಳ್ಳೆಯದು, ಸುತ್ತನ್ನು ಗ್ಯಾಪಿನಿಂದ ದೂರ ಇಡಿ.

ಉತ್ತರ

ಬಯಾಸ್ ಬಗ್ಗೆ ಯಾರೂ ಹೇಳಲಿಲ್ಲ. ಸ್ವಿಚಿಂಗ್ ಹಂತ ಓಡುತ್ತಿರುವಾಗ ಎಮಿಟರ್ ರೆಸಿಸ್ಟರಿನ ಮೇಲೆ ಮೀಟರ್ ಹಿಡಿದು ಬಯಾಸ್ ಹೊಂದಿಸಬೇಡಿ. ನಿಮ್ಮ 2 ಆಂಪಿಯರ್ ರಿಪಲ್ಲಿಗೆ ಪ್ರತಿ ಟ್ರಾನ್ಸಿಸ್ಟರಿನಲ್ಲಿ ಸರಾಸರಿ ಕಾಲು ಆಂಪಿಯರ್ ಹರಿಯುತ್ತದೆ, ರೆಸಿಸ್ಟರ್ 0.22 ಓಮ್ ಆದರೆ ಬಯಾಸ್ ಸೊನ್ನೆಯಿದ್ದರೂ ಮೀಟರ್ 55 ಮಿಲಿವೋಲ್ಟ್ ತೋರಿಸುತ್ತದೆ. ಜಾಸ್ತಿಯಾಯಿತೆಂದು ಬಯಾಸ್ ಇಳಿಸುತ್ತಾ ಹೋದರೆ ಬಿಸಿ ಅಷ್ಟೇ ಇರುತ್ತದೆ, ಕ್ರಾಸ್‌ಓವರ್ ಡಿಸ್ಟಾರ್ಷನ್ (ಸಿಗ್ನಲ್ ಸೊನ್ನೆ ದಾಟುವಲ್ಲಿ ಬರುವ ವಿಕಾರ) ಮಾತ್ರ ಬಂದು ಕೂರುತ್ತದೆ. ಸ್ವಿಚಿಂಗ್ ಇಂಡಕ್ಟರಿನ ಒಂದು ಕಾಲು ಬಿಚ್ಚಿ, ಲೀನಿಯರ್ ಹಂತ ಒಂದನ್ನೇ ಓಡಿಸಿ, ಬಿಸಿ ಸ್ಥಿರವಾದ ಮೇಲೆ ಪ್ರತಿ ರೆಸಿಸ್ಟರಿಗೆ 25 ಮಿಲಿವೋಲ್ಟ್ ಆಸುಪಾಸಿಗೆ ತನ್ನಿ. ಡ್ರೈವರ್‌ಗಳ ಎಮಿಟರುಗಳ ನಡುವಿನ ರೆಸಿಸ್ಟರಿಗೆ ಅಡ್ಡಲಾಗಿ 1 ಮೈಕ್ರೋಫ್ಯಾರಡ್ ಹಾಕಿದರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಬೇಗ ಆಫ್ ಆಗುತ್ತವೆ. ಇಲ್ಲದಿದ್ದರೆ ಈ ಫ್ರೀಕ್ವೆನ್ಸಿಯಲ್ಲಿ ಎರಡೂ ಒಟ್ಟಿಗೆ ಆನ್ ಇರುವ ಕ್ಷಣಗಳು ಹೆಚ್ಚಾಗಿ ಬಿಸಿ ಏರುತ್ತದೆ.

ರಿಪಲ್ ಅಳೆಯುವಾಗ ಪ್ರೋಬಿನ ಉದ್ದ ಮೊಸಳೆ ಕ್ಲಿಪ್ ತೆಗೆದು ತುದಿಯ ಸ್ಪ್ರಿಂಗ್ ಗ್ರೌಂಡ್ ಬಳಸಿ. ಆ ವೈರಿನ ಸುತ್ತೇ ಆಂಟೆನಾ ಆಗಿ, ಇಲ್ಲದ ರಿಂಗಿಂಗನ್ನು (ಸ್ವಿಚ್ ಬದಲಾದೊಡನೆ ಏಳುವ ವೇಗದ ಕಂಪನ) ತೋರಿಸುತ್ತದೆ. ಆಮೇಲೂ ಸ್ವಿಚ್ ನೋಡಿನಲ್ಲಿ ರಿಂಗಿಂಗ್ ಉಳಿದರೆ ಮೊದಲು 100 ನ್ಯಾನೋಫ್ಯಾರಡ್ ಸೆರಾಮಿಕ್ಕನ್ನು ಮಾಸ್‌ಫೆಟ್ ಜೋಡಿಗೆ ಅಂಟಿದಂತೆ ಬೆಸುಗೆ ಹಾಕಿ, ಸ್ನಬ್ಬರ್ (ರಿಂಗಿಂಗ್ ತಗ್ಗಿಸುವ ಕೆಪಾಸಿಟರ್-ರೆಸಿಸ್ಟರ್ ಜೋಡಿ) ನಂತರ. 470 ಪೈಕೋಫ್ಯಾರಡ್ ಸ್ನಬ್ಬರ್ ಕೂಡ 70 ವೋಲ್ಟ್, 400 ಕಿಲೋಹರ್ಟ್ಸಿನಲ್ಲಿ ಹತ್ತಿರಹತ್ತಿರ 1 ವ್ಯಾಟ್ ತಿನ್ನುತ್ತದೆ. ಅದರ ರೆಸಿಸ್ಟರ್ 2 ವ್ಯಾಟಿನದಿರಲಿ, ವೈರ್‌ವೌಂಡ್ ಬೇಡ.