ರಿಯಾಕ್ಷನ್ ನಡೆಯುತ್ತಿರುವಾಗಲೇ ಎಕ್ಸ್-ರೇ ಅಬ್ಸಾರ್ಪ್ಷನ್: ಮಾಡಿದವರು ಸ್ವಲ್ಪ ಹೇಳಿ

ಪ್ರಶ್ನೆ: ನಮ್ಮದು ಸೀರಿಯಾ (ಸೀರಿಯಂ ಆಕ್ಸೈಡ್) ಮೇಲೆ ಶೇ. 5 ತಾಮ್ರ ಇರುವ ಕ್ಯಾಟಲಿಸ್ಟ್. ಕಾರ್ಬನ್ ಮಾನಾಕ್ಸೈಡ್ ಆಕ್ಸಿಡೇಷನ್ ನಡೆಯುವಾಗ ತಾಮ್ರ ಯಾವ ಸ್ಥಿತಿಯಲ್ಲಿರುತ್ತದೆ ಅಂತ ನೋಡಬೇಕು. ಸಿಂಕ್ರೊಟ್ರಾನ್‌ನಲ್ಲಿ (ತೀವ್ರ ಎಕ್ಸ್-ರೇ ಬೀಮ್ ಕೊಡುವ ದೊಡ್ಡ ಯಂತ್ರ) ಇದೇ ಮೊದಲ ಸಲ. ಏನೇನು ಸಿದ್ಧ ಮಾಡಿಕೊಳ್ಳಲಿ?

ಉತ್ತರ 1: ಮೊದಲು ಸೀರಿಯಂ ಬಗ್ಗೆ ಯೋಚಿಸಿ, ತಾಮ್ರ ಆಮೇಲೆ. ತಾಮ್ರದ ಕೆ-ಎಡ್ಜ್ (ತಾಮ್ರ ಎಕ್ಸ್-ರೇಯನ್ನು ಇದ್ದಕ್ಕಿದ್ದಂತೆ ಜಾಸ್ತಿ ಹೀರತೊಡಗುವ ಎನರ್ಜಿ) 8979 ಎಲೆಕ್ಟ್ರಾನ್ ವೋಲ್ಟ್. ಅಲ್ಲಿ ಸೀರಿಯಂ ಬೀಮನ್ನೆಲ್ಲಾ ನುಂಗಿಬಿಡುತ್ತದೆ, ಟ್ರಾನ್ಸ್‌ಮಿಷನ್‌ನಲ್ಲಿ (ಸ್ಯಾಂಪಲ್ ದಾಟಿ ಬಂದ ಬೀಮ್ ಅಳೆದರೆ) ನಿಮಗೆ ಸಿಗುವ ಎಡ್ಜ್ ತೀರಾ ಚಿಕ್ಕದು. ಫ್ಲೋರೊಸೆನ್ಸ್‌ನಲ್ಲೇ (ಸ್ಯಾಂಪಲ್ ತಿರುಗಿ ಹೊಮ್ಮಿಸುವ ಎಕ್ಸ್-ರೇ ಅಳೆದು) ತೆಗೆಯಿರಿ. ಆದರೆ ಅಲ್ಲೂ ಸೀರಿಯಂ ಕಾಟ ತಪ್ಪಿದ್ದಲ್ಲ: ಅದು ಹೊಮ್ಮಿಸುವ ಎಕ್ಸ್-ರೇಗಳು (ಎಲ್-ಗೆರೆಗಳು) 5 ಸಾವಿರ ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ಡಿಟೆಕ್ಟರ್ ತುಂಬಿಸುತ್ತವೆ. ಡಿಟೆಕ್ಟರ್ ಮುಂದೆ ತೆಳು ಅಲ್ಯುಮಿನಿಯಂ ಹಾಳೆ ಇಡಿ. ತಾಮ್ರದ ಸಿಗ್ನಲ್ಲೂ ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಆದರೆ ಸೀರಿಯಂದು ಅದಕ್ಕಿಂತ ಎಷ್ಟೋ ಜಾಸ್ತಿ ಕಡಿಮೆಯಾಗುತ್ತದೆ.

ಪ್ರತಿ ಸ್ಕ್ಯಾನ್ ಜೊತೆ ತಾಮ್ರದ ಫಾಯಿಲ್ ಕೂಡ ಅಳೆಯಿರಿ. ಎನರ್ಜಿ ಸ್ವಲ್ಪ ಜರುಗಿದರೂ ಅದನ್ನೇ ತಾಮ್ರ ರಿಡ್ಯೂಸ್ ಆಯ್ತು (ಆಕ್ಸಿಡೇಷನ್‌ಗೆ ಉಲ್ಟಾ, ಎಲೆಕ್ಟ್ರಾನ್ ಪಡೆಯಿತು) ಅಂತ ಓದಿಬಿಡುವುದು ಸುಲಭ.

ಉತ್ತರ 2: ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಬೀಮೇ ತಾಮ್ರವನ್ನು ರಿಡ್ಯೂಸ್ ಮಾಡಬಹುದು! ಬಿಸಿ ಮಾಡುವ ಮೊದಲು ಒಂದೇ ಜಾಗದಲ್ಲಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ತೆಗೆದು ಒಂದರ ಮೇಲೊಂದು ಇಟ್ಟು ನೋಡಿ. ಶಾಖವಿಲ್ಲ, ಗ್ಯಾಸ್ ಬದಲಾಗಿಲ್ಲ, ಆದರೂ 8983ರ ಹತ್ತಿರ ಒಂದು ಉಬ್ಬು (ರಿಡ್ಯೂಸ್ ಆದ ತಾಮ್ರದ ಗುರುತು) ಬೆಳೆಯುತ್ತಿದೆ ಅಂದರೆ ಅದು ಕೆಮಿಸ್ಟ್ರಿ ಅಲ್ಲ, ಬೀಮ್. ಆಗ ಬೀಮ್ ಅಗಲ ಮಾಡಿ, ಇಲ್ಲವೇ ಫಿಲ್ಟರ್ ಹಾಕಿ, ಜಾಗ ಬದಲಿಸುತ್ತಾ ಹೋಗಿ.

ಉತ್ತರ 3: ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಮಾಸ್ ಸ್ಪೆಕ್ಟ್ರೋಮೀಟರ್ (ಹೊರಬರುವ ಗ್ಯಾಸ್‌ನಲ್ಲಿ ಏನೇನಿದೆ ಅಂತ ಅಳೆಯುವ ಯಂತ್ರ). ಸ್ಪೆಕ್ಟ್ರಮ್ ಚೆನ್ನಾಗಿ ಬಂದು, ಆ ಹೊತ್ತಿಗೆ ಕ್ಯಾಟಲಿಸ್ಟ್ ಕೆಲಸ ಮಾಡುತ್ತಿತ್ತೋ ಇಲ್ಲವೋ ಗೊತ್ತಿಲ್ಲ ಅಂದರೆ ಅದು ಸುಮ್ನೆ ಬಿಸಿ ಪುಡಿಯ ಸ್ಪೆಕ್ಟ್ರಮ್, ಅಷ್ಟೇ. ಗ್ಯಾಸ್ ರಿಯಾಕ್ಟರ್ ದಾಟಿ ಮಾಸ್ ಸ್ಪೆಕ್ಟ್ರೋಮೀಟರ್ ತಲುಪಲು ಸಮಯ ಹಿಡಿಯುತ್ತದೆ. ಮೊದಲೇ ಆರ್ಗಾನ್ ಒಮ್ಮೆ ಬಿಟ್ಟು ಆ ತಡ ಎಷ್ಟು ಅಂತ ಅಳೆದಿಡಿ. ಬೀಮ್‌ಲೈನ್, ಮಾಸ್ ಸ್ಪೆಕ್ಟ್ರೋಮೀಟರ್, ಹೀಟರ್ ಮೂರರ ಕಂಪ್ಯೂಟರ್ ಗಡಿಯಾರಗಳನ್ನೂ ಹೊಂದಿಸಿ, ಯಾಕಂದರೆ ಆಮೇಲೆ ಮನೆಯಲ್ಲಿ ಕೂತು ಯಾವ ಸ್ಕ್ಯಾನ್ ಯಾವ ಕನ್ವರ್ಷನ್‌ಗೆ (ಎಷ್ಟು ಗ್ಯಾಸ್ ಬದಲಾಯ್ತು ಅನ್ನುವ ಲೆಕ್ಕ) ಸೇರಿದ್ದು ಅಂತ ಹುಡುಕುವ ಕೆಲಸ ಯಾರಿಗೂ ಬೇಡ. ಪುಡಿಯನ್ನು ಒತ್ತಿ, ಒಡೆದು, ಜರಡಿ ಹಿಡಿದು ಕಾಳು ಮಾಡಿಕೊಂಡು ಹೋಗಿ. ನುಣ್ಣಗಿನ ಪುಡಿ ಕ್ವಾರ್ಟ್ಜ್ ಕ್ಯಾಪಿಲರಿಯಲ್ಲಿ ಗ್ಯಾಸ್ ತಡೆಯುತ್ತದೆ. ಇಡೀ ಸೆಟಪ್ಪನ್ನು ನಿಮ್ಮ ಲ್ಯಾಬಿನಲ್ಲೇ ಒಮ್ಮೆ ಪೂರ್ತಿ ಓಡಿಸಿ ನೋಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. 300 ಡಿಗ್ರಿಯಲ್ಲಿ ಎಕ್ಸಾಫ್ಸ್ (ಎಡ್ಜ್ ದಾಟಿದ ಮೇಲೆ ಸ್ಪೆಕ್ಟ್ರಮ್‌ನಲ್ಲಿ ಕಾಣುವ ಏರಿಳಿತ) ತೆಗೆದು ಕೋಆರ್ಡಿನೇಷನ್ ನಂಬರ್ (ತಾಮ್ರದ ಪಕ್ಕ ಎಷ್ಟು ಪರಮಾಣುಗಳಿವೆ ಅನ್ನುವುದು) ಹೇಳಬಹುದಾ?

ಉತ್ತರ 1: ಹೇಳಬಹುದು, ಆದರೆ ನಾನಾದರೆ ಅದೊಂದನ್ನೇ ನಂಬುವುದಿಲ್ಲ. ಶಾಖಕ್ಕೆ ಪರಮಾಣುಗಳ ಅಲುಗಾಟ ಜಾಸ್ತಿಯಾಗಿ ಏರಿಳಿತದ ಆಂಪ್ಲಿಟ್ಯೂಡ್ ಕುಗ್ಗುತ್ತದೆ, ನೋಡಲು ಪಕ್ಕದ ಪರಮಾಣುಗಳೇ ಕಡಿಮೆಯಾದ ಹಾಗೆ ಕಾಣುತ್ತದೆ. ರಿಯಾಕ್ಷನ್ ಮುಗಿದ ಮೇಲೆ ಗಾಳಿ ತಾಗಿಸದೆ, ಹೀಲಿಯಂನಲ್ಲಿ ತಣ್ಣಗೆ ಮಾಡಿ ಇನ್ನೊಂದು ತೆಗೆದು ಹೋಲಿಸಿ. ಇನ್ನೊಂದು, ಬರುವ ಸ್ಪೆಕ್ಟ್ರಮ್ ಬೀಮ್ ಬಿದ್ದ ಅಷ್ಟೂ ತಾಮ್ರದ ಸರಾಸರಿ. ಕೆಲಸ ಮಾಡುವ ತಾಮ್ರ ಶೇ. 10 ಮಾತ್ರ ಇದ್ದರೆ ಉಳಿದ 90ರ ಚಿತ್ರವೇ ಮುಂದೆ ಬರುತ್ತದೆ. ಅದಕ್ಕೇ ಗ್ಯಾಸ್ ಬದಲಿಸಿ ಬದಲಿಸಿ ಯಾವ ಭಾಗ ಅದರ ಜೊತೆ ಬದಲಾಗುತ್ತದೆ ಅಂತ ನೋಡುವುದು ಒಳ್ಳೇದು.

ಉತ್ತರ 4: ಕಾರ್ಬನ್ ಮಾನಾಕ್ಸೈಡ್ ಅಂದಿರಲ್ವಾ? ಸೇಫ್ಟಿ ಫಾರ್ಮ್ ಈಗಲೇ ತುಂಬಿ. ಕಾರ್ಬೊನಿಲ್ (ಲೋಹ ಮತ್ತು ಕಾರ್ಬನ್ ಮಾನಾಕ್ಸೈಡ್ ಸೇರಿದ ಸಂಯುಕ್ತ) ಹಿಡಿಯುವ ಟ್ರ್ಯಾಪ್ ಮರೆಯಬೇಡಿ. ಉಕ್ಕಿನ ಸಿಲಿಂಡರಿನಿಂದ ಕಬ್ಬಿಣ, ನಿಕ್ಕಲ್ ಕಾರ್ಬೊನಿಲ್ ಬಂದು ಕ್ಯಾಟಲಿಸ್ಟ್ ಮೇಲೇ ಕೂರುತ್ತವೆ.