ನಮ್ಮ ಡಿವಿಷನ್ ಮಾರಾಟವಾಗುತ್ತಿದೆ. ಉಳಿಯಲಾ, ಹೊರಡಲಾ?

ಹೆಬ್ಬಾಳದ ಟೆಸ್ಟರ್:
ಔಟರ್ ರಿಂಗ್ ರೋಡ್ ಕಡೆ ಒಂದು ಟೆಲಿಕಾಂ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್ ನಾನು. ಸೇರಿ 4 ವರ್ಷ 5 ತಿಂಗಳಾಯಿತು. ಸೋಮವಾರ ಎಲ್ಲರನ್ನೂ ಕೂರಿಸಿ, ನಮ್ಮ ಡಿವಿಷನ್ ಬೇರೆಯವರಿಗೆ ಮಾರುತ್ತಿದ್ದೇವೆ ಎಂದರು. ನಿಮಗೇನೂ ಬದಲಾಗಲ್ಲ ಎಂದೂ ಹೇಳಿದರು. ಗುರುವಾರದ ಹೊತ್ತಿಗೆ ನಮ್ಮ ಟೀಮಿನ ನಾಲ್ವರಿಗೆ ಎದುರಾಳಿ ಕಂಪನಿಯಿಂದ ಫೋನ್ ಬಂತು. ನನಗೂ ಬಂತು. ಮನೆ ಸಾಲದ ಕಂತು ಇದೆ, ನಿದ್ದೆ ಬರುತ್ತಿಲ್ಲ. ಇದನ್ನು ದಾಟಿದವರು ದಯವಿಟ್ಟು ಹೇಳಿ.

ಹಳೇ ರೇಡಿಯೋದವನು:
ಮೇಡಂ, ನಾನು ದಾಟಿದ್ದೇನೆ. ಹೊಸ ಲೆಟರ್‌ನಲ್ಲಿ ಹಳೇ ಸೇವೆ ಮುಂದುವರಿಯುತ್ತದೆ ಎಂಬ ಸಾಲು ಇದೆಯಾ, ಮೊದಲು ಅದನ್ನು ಹುಡುಕಿ. ರಾಜೀನಾಮೆ ಕೊಟ್ಟು ಹೊಸದಾಗಿ ಸೇರಿ ಎಂದರೆ ಗ್ರಾಚ್ಯುಟಿಯ (ಕೆಲಸ ಬಿಡುವಾಗ ಸೇವೆಗೆ ಸಿಗುವ ಮೊತ್ತ) 5 ವರ್ಷದ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಬಹುದು. ನಿಮಗೆ ಬಾಕಿ ಇರುವುದು ಏಳೇ ತಿಂಗಳು ಅಲ್ವಾ! ನಾನು ಬಾಯಿಮಾತು ನಂಬಿ ಕೂಡಿಟ್ಟ 38 ದಿನದ ರಜೆ ಕಳೆದುಕೊಂಡೆ. ಅದು ಇವತ್ತಿಗೂ ನೋಯುತ್ತದೆ.

ಆ ಫೋನ್ ಯಾಕೆ ಬಂತು ಅಂತೀರಾ? ಎದುರಾಳಿಗಳಿಗೆ ಇದೇ ಹೊತ್ತು. 2009ರಲ್ಲಿ ಕೆನಡಾದ ಟೆಲಿಕಾಂ ಉಪಕರಣ ಕಂಪನಿ ನಾರ್ಟೆಲ್ ದಿವಾಳಿಯಾದಾಗ ಅದರ ಸಿಡಿಎಂಎ, ಎಲ್‌ಟಿಇ (ಮೊಬೈಲ್ ನೆಟ್‌ವರ್ಕ್ ತಂತ್ರಜ್ಞಾನಗಳು) ವಿಭಾಗಕ್ಕೆ ಎದುರಾಳಿ ನೋಕಿಯಾ ಸೀಮೆನ್ಸ್ 65 ಕೋಟಿ ಡಾಲರ್ ಕೊಡಲು ಮುಂದೆ ಬಂದಿತ್ತು. ಹರಾಜಿನಲ್ಲಿ ಇನ್ನೊಂದು ಎದುರಾಳಿ ಎರಿಕ್ಸನ್ 113 ಕೋಟಿಗೆ ಎತ್ತಿಕೊಂಡಿತು. ಅಮೆರಿಕದ ದೊಡ್ಡ ಗಿರಾಕಿಗಳೂ ಎಲ್‌ಟಿಇ ಬಲ್ಲ ಇಂಜಿನಿಯರ್‌ಗಳೂ ಒಟ್ಟಿಗೆ ಸಿಕ್ಕರು. ಸೋತವರು ಸುಮ್ನೆ ಕೂರಲಿಲ್ಲ. ಮೊಟೊರೊಲಾದ ನೆಟ್‌ವರ್ಕ್ ವಿಭಾಗಕ್ಕೆ ಕೈ ಹಾಕಿ 2011ರಲ್ಲಿ ಕೊಂಡರು. ನಿಮ್ಮಂಥವರ ಕೆಲಸಕ್ಕೆ ಬೆಲೆ ಇದೆ, ಗಾಬರಿಯಲ್ಲಿ ಕಡಿಮೆಗೆ ಒಪ್ಪಬೇಡಿ.

ಪೀಣ್ಯದಿಂದ:
ಒಂದು ಮಾತು ಸೇರಿಸುತ್ತೇನೆ. ನೋಕಿಯಾದ ಫೋನ್ ವಿಭಾಗ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ಗೆ ಹೋಯಿತು. ತೆರಿಗೆ ತಕರಾರಿನಿಂದ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ಕಾರ್ಖಾನೆ ಮಾತ್ರ ಹೊರಗೆ ಉಳಿಯಿತು. ನವೆಂಬರ್‌ಗೆ ಅಲ್ಲಿ ಕೆಲಸವೇ ನಿಂತಿತು. ಡಿವಿಷನ್ ಹೋಯಿತು ಅಂದರೆ ಎಲ್ಲರೂ ಹೋದರು ಅಂತಲ್ಲ. ನಿಮ್ಮ ಲ್ಯಾಬ್ ಮಾರಾಟದ ಪಟ್ಟಿಯಲ್ಲಿ ಇದೆಯಾ? ಕೊಳ್ಳುವವರ ಹತ್ತಿರ ಇದೇ ಥರದ ಉಪಕರಣ ಆಗಲೇ ಇದೆಯಾ? ಇದ್ದರೆ ಎರಡು ಟೆಸ್ಟ್ ಟೀಮ್ ಜಾಸ್ತಿ ದಿನ ಇಟ್ಟುಕೊಳ್ಳಲ್ಲ.

ಹೆಬ್ಬಾಳದ ಟೆಸ್ಟರ್:
ಅವರ ಹತ್ತಿರ ಇಂಥದ್ದು ಇಲ್ಲ, ಅದಕ್ಕೇ ಕೊಳ್ಳುತ್ತಿದ್ದಾರೆ. ಲ್ಯಾಬ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಸೇವೆ, ರಜೆ, ಲ್ಯಾಬ್, ಮೂರನ್ನೂ ಕೇಳಿ ಎಚ್‌ಆರ್‌ಗೆ ಈಗಲೇ ಮೇಲ್ ಹಾಕುತ್ತೇನೆ. ಉತ್ತರ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಲ್ಲ ಸರ್.